ಕುತ್ತಿಗೆಯೊಳಗಿನ ಕೈಚಳಕ

ಜಾದೂಗಾರರ ಸಂಘದ ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರ ಕೋಟಿನ ಒಳಜೇಬಿನಲ್ಲಿ ಸದ್ಯಕ್ಕೆ ತೆಪ್ಪಗೆ ಕುಳಿತಿರುವ ಪಾರಿವಾಳವೇ, ಇಂದಿನ ಸನ್ಮಾನಿತರೂ ನನ್ನ ಕುತ್ತಿಗೆಯನ್ನು ನನಗಿಂತ ಚೆನ್ನಾಗಿ ಬಲ್ಲವರೂ ಆದ ಡಾಕ್ಟರಮ್ಮನವರೇ, ಸಂಘದ ಸದಸ್ಯರೇ, ಸದಸ್ಯರ ಕೈಯಲ್ಲಿ ಸಂಜೆ ಮಾಯವಾಗಿ ಊಟದ ಹೊತ್ತಿಗೆ ಮನೆಯಲ್ಲಿ ಪ್ರತ್ಯಕ್ಷರಾಗುವ ಅವರ ಧರ್ಮಪತ್ನಿಯರೇ, ಮತ್ತು ಇದೆಲ್ಲವನ್ನೂ ನಂಬಿ ನಮ್ಮ ಹೊಟ್ಟೆ ಹೊರೆಯುತ್ತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಜಾದೂಗಾರನಿಗೆ ಐದು ನಿಮಿಷ ಕೊಟ್ಟವರು ತಮ್ಮ ಗಡಿಯಾರವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಗೋ, ಅಧ್ಯಕ್ಷರು ಮಣಿಕಟ್ಟು ಮುಟ್ಟಿ ನೋಡಿಕೊಂಡರು. ಇದೆ ಸ್ವಾಮಿ, ಅಲ್ಲೇ ಇದೆ. ನನ್ನ ಬೆರಳುಗಳು ಅಷ್ಟು ಚುರುಕಾಗಿದ್ದರೆ ನಾನಿಲ್ಲಿ ಭಾಷಣ ಮಾಡುತ್ತಿರಲಿಲ್ಲ, ಪ್ರದರ್ಶನ ಕೊಡುತ್ತಿದ್ದೆ.

ಸಂಘ ಹುಟ್ಟಿದಂದಿನಿಂದ ಗೌರವ ಸದಸ್ಯತ್ವ ಹೊರಗಿನವರಿಗೆ ಸಿಕ್ಕಿದ್ದಿಲ್ಲ. ಮಂತ್ರಿಗಳು ಕೇಳಿದಾಗಲೂ ಕೊಡಲಿಲ್ಲ. ಅವರು ಈಗಾಗಲೇ ವೃತ್ತಿಯಲ್ಲೇ ಇದ್ದಾರೆ ಎಂಬುದು ನಮ್ಮ ನಿಲುವಾಗಿತ್ತು. ಹಾಗಿರುವಾಗ ಇಂದು ಒಬ್ಬ ಶಸ್ತ್ರವೈದ್ಯೆಗೆ ಏಕೆ ಕೊಡುತ್ತಿದ್ದೇವೆ? ಕಾರ್ಯಕಾರಿ ಸಮಿತಿಯಲ್ಲಿ ಈ ಪ್ರಶ್ನೆ ಎದ್ದಿತ್ತು. ಪ್ರಸ್ತಾಪ ನನ್ನದಾದ್ದರಿಂದ ಉತ್ತರವನ್ನೂ ನಾನೇ ಕೊಡಬೇಕು.

ನಮ್ಮ ವೃತ್ತಿಯಲ್ಲಿ ಬೆರಗು ಎನ್ನುವುದು ಮಾರುವ ಸರಕು. ಮಿಠಾಯಿ ಮಾಡುವವನಿಗೆ ಸಿಹಿ ರುಚಿಸದು ಎನ್ನುತ್ತಾರಲ್ಲ, ಹಾಗೆ ನಮಗೆ ಬೆರಗಾಗುವುದು ನಿಂತುಹೋಗಿರುತ್ತದೆ. ಯಾರಾದರೂ ಗಾಳಿಯಲ್ಲಿ ತೇಲಿದರೆ ಜನ ಬಾಯಿ ತೆರೆಯುತ್ತಾರೆ, ನಾವು ತಂತಿ ಎಲ್ಲಿದೆ ಎಂದು ಕತ್ತು ಚಾಚುತ್ತೇವೆ. ನಾನಂತೂ ಬೆರಗಾಗಿ ಎಷ್ಟು ಕಾಲವಾಗಿತ್ತೋ ನನಗೇ ನೆನಪಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಆಗಿದ್ದೆ. ಅದು ಈ ಸಭೆಯ ವಿಷಯವಲ್ಲ.

ವಿಷಯ ಶುರುವಾದದ್ದು ಇಸ್ಪೀಟು ಎಲೆಗಳಿಂದ. ಒಂದು ಶಾಲೆಯ ವಾರ್ಷಿಕೋತ್ಸವ. ಎಲೆಗಳನ್ನು ಬೀಸಣಿಗೆಯಂತೆ ಬಿಡಿಸುವ, ನಾನು ನಿದ್ದೆಗಣ್ಣಲ್ಲೂ ಮಾಡಬಲ್ಲ ಕೆಲಸ. ಬಿಡಿಸಿದೆ. ಬೀಸಣಿಗೆ ಬಿಡಿಸಿಕೊಂಡು ಹಾಗೇ ನೆಲಕ್ಕೆ ಹೋಯಿತು. ಅಷ್ಟೂ ಎಲೆ. ಈಗ ನಮ್ಮ ಕಸುಬಿನ ಮೊದಲ ಪಾಠ ಏನು? ಹೊಸಬರು ಹೇಳಲಿ. ತಪ್ಪಾದರೆ ನಗು. ಬಗ್ಗಿ ನಮಸ್ಕರಿಸು. ಅದನ್ನೇ ಮಾಡಬೇಕೆಂದಿದ್ದೆ ಎಂಬ ಮುಖ ಮಾಡು. ನಾನು ನಕ್ಕೆ, ಬಗ್ಗಿದೆ, ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ವರ್ಷ ಆ ಶಾಲೆಯವರು ಫೋನು ಮಾಡಿ, “ಸಾರ್, ಆ ಎಲೆ ಬೀಳಿಸೋ ಐಟಮ್ಮು ಇರಲೇಬೇಕು” ಎಂದರು.

ಹೀಗೆ ನನ್ನ ಕಾಯಿಲೆ ಚಪ್ಪಾಳೆ ಗಿಟ್ಟಿಸುತ್ತಾ ಬೆಳೆಯಿತು. ಬೇರೆ ಕಸುಬಿನವನ ಕೈಯಿಂದ ವಸ್ತು ಬಿದ್ದರೆ ಮನೆಯವರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನನ್ನ ಕೈಯಿಂದ ಬಿದ್ದರೆ ಜನ ಮತ್ತೊಮ್ಮೆ ಎನ್ನುತ್ತಿದ್ದರು. ವೇದಿಕೆಯ ಮೆಟ್ಟಿಲಲ್ಲಿ ಕಾಲು ತೊಡರಿ ಬಿದ್ದೆ, ಅದಕ್ಕೂ ಚಪ್ಪಾಳೆ. ಇದೇ ಸಭಾಂಗಣದಲ್ಲಿ ಕುಳಿತಿರುವ ಮೂವರು ಮಹನೀಯರು ನನ್ನನ್ನು ಪಕ್ಕಕ್ಕೆ ಕರೆದು, “ಅಣ್ಣಾ, ಆ ಎಡವೋದನ್ನ ಅಷ್ಟು ಸಹಜವಾಗಿ ಹೇಗೆ ಮಾಡ್ತೀಯ, ಸ್ವಲ್ಪ ಹೇಳ್ಕೊಡು” ಎಂದು ಕೇಳಿದ್ದುಂಟು. ಮಾನ್ಯ ಅಧ್ಯಕ್ಷರು ಕೇಳಲಿಲ್ಲ, ನೇರವಾಗಿ ತಮ್ಮ ಕಾರ್ಯಕ್ರಮಕ್ಕೆ ಸೇರಿಸಿಕೊಂಡರು. ಅವರಿಗೆ ಅದು ಚೆನ್ನಾಗಿ ಬರುತ್ತದೆ. ಅವರ ಕುತ್ತಿಗೆ ಸರಿಯಾಗಿದೆಯೆಂದು ನಂಬಿದ್ದೇನೆ.

ಆದರೆ ಚಪ್ಪಾಳೆ ತಟ್ಟದ ಪ್ರೇಕ್ಷಕಿ ಒಬ್ಬಳಿದ್ದಳು. ಅವಳು ಕತ್ತಿ ಪೆಟ್ಟಿಗೆಯ ಒಳಗಿದ್ದಳು.

ಕತ್ತಿ ಪೆಟ್ಟಿಗೆಯ ವಿಷಯ ಸಭಿಕರಿಗೆ ಗೊತ್ತಿದೆ. ನನ್ನ ಹೆಂಡತಿ ಒಳಗೆ ಕೂರುತ್ತಾಳೆ, ಮುಚ್ಚಳ ಮುಚ್ಚುತ್ತೇನೆ, ಒಂದೊಂದೇ ಕತ್ತಿಯನ್ನು ಆರಪಾರ ತೂರಿಸುತ್ತೇನೆ, ಕೊನೆಗೆ ಆಕೆ ಕೂದಲೂ ಕೊಂಕದೆ ಎದ್ದು ಬರುತ್ತಾಳೆ. ಇದರಲ್ಲಿ ಎಷ್ಟನ್ನು ಹೇಳಬಹುದು ಎಂದು ಸಮಿತಿಯ ಅನುಮತಿ ಪಡೆದೇ ಬಂದಿದ್ದೇನೆ. ಇಷ್ಟು ಹೇಳಬಹುದಂತೆ: ಪ್ರತಿ ಕತ್ತಿಗೂ ಮೊದಲು ನಾನು ಮುಚ್ಚಳದ ಮೇಲೆ ಬೆರಳಿಂದ ತಟ್ಟುತ್ತೇನೆ. ಒಂದು ತಟ್ಟಿದರೆ ಹಾಗೇ ಇರು ಎಂದರ್ಥ. ಎರಡು ತಟ್ಟಿದರೆ ಹೊರಳು. ಉಳಿದದ್ದು ಗುಟ್ಟು.

ಒಂದು ದಿನ ಪ್ರದರ್ಶನ ಮುಗಿದು, ಬಣ್ಣ ಒರೆಸಿಕೊಳ್ಳುವ ಕೋಣೆಯಲ್ಲಿ ಆಕೆ ತನ್ನ ಜರಿ ಅಂಗಿಯ ತೋಳನ್ನು ಎತ್ತಿ ಹಿಡಿದಳು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೀಳಿತ್ತು.

“ಇವತ್ತು ಕೊನೇ ಕತ್ತಿಗೆ ಒಂದೇ ಸಲ ತಟ್ಟಿದ್ರಿ” ಎಂದಳು.

“ಎರಡು ತಟ್ಟಿದೀನಿ ಕಣೇ.”

“ಒಳಗಿದ್ದೋಳು ನಾನು.”

“ಹೊರಗಿದ್ದೋನು ನಾನು. ಕೈ ನಂದು.”

“ಕೈ ನಿಮ್ದೇ ರೀ. ಅದು ನಿಮ್ಮ ಮಾತು ಕೇಳ್ತಾ ಇದೆಯಾ ಅಂತ ಕೇಳ್ತಿದೀನಿ.”

ನಾನು ಮೇಜಿನ ಮೇಲೆ ತಟ್ಟಿ ತೋರಿಸಿದೆ. ಆಕೆ ನೋಡುತ್ತಾ ನಿಂತಳು. ನನ್ನ ಲೆಕ್ಕದಲ್ಲಿ ಎರಡಾಗಿತ್ತು. ಸದ್ದು ಒಂದೇ ಬಂದಿತ್ತು. ಬೆರಳ ತುದಿಗೆ ಮೇಜು ತಾಗಿತೋ ಇಲ್ಲವೋ ನನಗೆ ಗೊತ್ತೇ ಆಗಿರಲಿಲ್ಲ. ಯಾರದೋ ಕೈಗವಸನ್ನು ಹಾಕಿಕೊಂಡು ತಟ್ಟಿದಂತಿತ್ತು.

ಮರುದಿನ ನಮ್ಮ ಬೀದಿಯ ಡಾಕ್ಟರ ಬಳಿಗೆ ಹೋದೆವು. ಪಾಪ, ಒಳ್ಳೆಯವರು. ಅವರ ಮೇಲೆ ಯಾವ ದೂರೂ ಇಲ್ಲ. ರೋಗಿಯೇ ಜಾದೂಗಾರನಾದರೆ ಅವರಾದರೂ ಏನು ಮಾಡಿಯಾರು? “ಅಂಗಿ ಗುಂಡಿ ಬಿಚ್ಚಿ ಮತ್ತೆ ಹಾಕಿ” ಎಂದರು. ನಾನು ಸರಸರ ಬಿಚ್ಚಿ ಸರಸರ ಹಾಕಿದೆ. “ನನಗಿಂತ ಚುರುಕಾಗಿದೀರಲ್ಲ” ಎಂದು ನಕ್ಕರು. “ಆ ಗೋಡೆವರೆಗೆ ನಡೀರಿ” ಎಂದರು. ಪ್ರದರ್ಶನಕ್ಕೆ ಹಿಡಿಯುವ ನನ್ನ ಕೋಲನ್ನು ಎರಡು ಸುತ್ತು ತಿರುಗಿಸಿ, ಅದರ ಮೇಲೆ ಒರಗಿಯೂ ಒರಗದಂತೆ, ವೇದಿಕೆಯ ಮೇಲೆ ನಡೆಯುವಂತೆ ನಡೆದೆ. ವಯಸ್ಸಾಯಿತು, ನರಕ್ಕೆ ಶಕ್ತಿ ಬೇಕು ಎಂದು ವಿಟಮಿನ್ ಮಾತ್ರೆ ಕೊಟ್ಟರು. ನಾನು ಗೆದ್ದವನಂತೆ ಹೊರಗೆ ಬಂದೆ. ಯಾರ ವಿರುದ್ಧ ಗೆದ್ದೆ? ಅದನ್ನು ಆಗ ಯೋಚಿಸಲಿಲ್ಲ. ಯಾರಾದರೂ ನನ್ನ ಕೈಯನ್ನೇ ದಿಟ್ಟಿಸಿದರೆ ಆ ಕೈ ಸೋಲಬಾರದು. ಅಷ್ಟೇ ನನಗೆ ಗೊತ್ತಿದ್ದ ವಿದ್ಯೆ.

ಹೆಂಡತಿ ಬಿಡಲಿಲ್ಲ. ಈ ಡಾಕ್ಟರಮ್ಮನವರ ಬಳಿಗೆ ಎಳೆದು ತಂದಳು. ಇಲ್ಲಿಯೂ ಅದೇ ಗುಂಡಿ ಪರೀಕ್ಷೆ. ಇಲ್ಲಿಯೂ ಸರಸರ. ಡಾಕ್ಟರಮ್ಮ ತಲೆಯಾಡಿಸುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ದನಿ ಬಂತು.

“ಡಾಕ್ಟ್ರೇ, ಆ ಅಂಗಿ ಒಂದ್ಸಲ ಮುಟ್ಟಿ ನೋಡಿ. ಅದ್ರಲ್ಲಿರೋದು ಗುಂಡಿನೇ ಅಲ್ಲ. ಒಳಗೆ ಟಿಚ್ ಬಟನ್ನು. ಗುಂಡಿ ಬರೀ ಮೇಲಿನ ತೋರಿಕೆಗೆ. ಹೊಲಿದಿರೋದು ನಾನೇ.”

ಸಭಿಕರೇ, ವೇದಿಕೆಯ ಮೇಲೆ ಕ್ಷಣಮಾತ್ರದಲ್ಲಿ ವೇಷ ಬದಲಿಸಲು ನಾವೆಲ್ಲ ಅಂಥ ಅಂಗಿ ತೊಡುತ್ತೇವೆ. ಅದು ನಮ್ಮ ಗುಟ್ಟು. ಸಂಘದ ನಿಯಮಾವಳಿಯ ಪ್ರಕಾರ ಆ ಕ್ಷಣವೇ ನನ್ನ ಹೆಂಡತಿಯನ್ನು ಉಚ್ಚಾಟಿಸಬೇಕಿತ್ತು. ಆದರೆ ಆಕೆಯನ್ನು ಉಚ್ಚಾಟಿಸಿದರೆ ನನ್ನನ್ನು ಮನೆಗೆ ಕರೆದುಕೊಂಡು ಹೋಗುವವರು ಯಾರು?

ಡಾಕ್ಟರಮ್ಮ ನಗಲಿಲ್ಲ, ಬೈಯಲಿಲ್ಲ. ತಮ್ಮ ಬಿಳಿ ಕೋಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. “ಇದರದ್ದು ಹಾಕಿ ಯಜಮಾನ್ರೇ” ಎಂದರು. ಸಾಧಾರಣ ಕೋಟು. ಸಾಧಾರಣ ಗುಂಡಿ. ನಾನು ಮೊದಲನೆಯದನ್ನು ಹಿಡಿದೆ. ಜಾರಿತು. ಮತ್ತೆ ಹಿಡಿದೆ. ರಂಧ್ರ ಎಲ್ಲಿದೆಯೆಂದು ಬೆರಳಿಗೆ ತಿಳಿಯಲಿಲ್ಲ, ಕಣ್ಣಿನಿಂದ ಹುಡುಕಬೇಕಾಯಿತು. ಅಭ್ಯಾಸಬಲದಿಂದ ನಕ್ಕು, ಬಗ್ಗಿ ನಮಸ್ಕರಿಸಿದೆ. ಬಗ್ಗಿದಾಗ ಕುತ್ತಿಗೆಯಿಂದ ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತೆ ಒಂದು ಜುಂ ಇಳಿಯಿತು. ಆ ಕೋಣೆಯಲ್ಲಿ ಚಪ್ಪಾಳೆ ಬೀಳಲಿಲ್ಲ.

ಆಮೇಲೆ ಅವರು ನನ್ನ ನಡುಬೆರಳನ್ನು ಹಿಡಿದು ಅದರ ಉಗುರನ್ನು ಮೆಲ್ಲನೆ ಚಿಮ್ಮಿದರು. ಚಿಮ್ಮಿದ್ದು ನಡುಬೆರಳನ್ನು. ಕುಣಿದದ್ದು ಹೆಬ್ಬೆರಳು. ನಾನು ಹೇಳಿರಲಿಲ್ಲ, ಕೇಳಿರಲಿಲ್ಲ. ಜೀವಮಾನವಿಡೀ ನನ್ನ ಅಪ್ಪಣೆಯಿಲ್ಲದೆ ಅಲುಗದ ಬೆರಳು ಬೇರೊಬ್ಬರ ಸನ್ನೆಗೆ ಕುಣಿಯಿತು. ಮತ್ತೆ ಚಿಮ್ಮಿದರು, ಮತ್ತೆ ಕುಣಿಯಿತು. ಇದರಲ್ಲಿ ತಂತಿ ಎಲ್ಲಿದೆ ಎಂದು ನಾನು ಕತ್ತು ಚಾಚಿದೆ. ತಂತಿ ಆ ಕತ್ತಿನೊಳಗೇ ಇತ್ತು.

ಸ್ಕ್ಯಾನಿಂಗ್ ಆಯಿತು. ಚಿತ್ರವನ್ನು ಬೆಳಕಿಗಿಟ್ಟು ತೋರಿಸಿದರು. ಒಂದರ ಮೇಲೊಂದು ಇಟ್ಟ ಮೂಳೆಗಳು, ಅವುಗಳ ನಡುವೆ ಮೆತ್ತೆಗಳು, ಹಿಂದೆ ಕಿರುಬೆರಳಿನ ದಪ್ಪದ ಒಂದು ಬೂದುಬಣ್ಣದ ಹುರಿ. ಕುತ್ತಿಗೆಯ ಕೆಳಗೆ ನಾನು ಏನೆಲ್ಲ ಆಗಿದ್ದೇನೋ ಅದೆಲ್ಲಕ್ಕೂ ತಲೆಯಿಂದ ಬರುವ ದಾರಿ ಅದೊಂದೇ ಅಂತೆ. ನಡೆ ಎಂಬ ಅಪ್ಪಣೆ, ಹಿಡಿ ಎಂಬ ಅಪ್ಪಣೆ, ಬಿಸಿ ಎಂಬ ವರದಿ, ಮೆದು ಎಂಬ ವರದಿ, ಎಲ್ಲವೂ ಆ ಕಿರುಬೆರಳಿನ ಒಳಗೇ ಹೋಗಿ ಬರಬೇಕು. ನನ್ನ ಹುರಿಯ ಮೇಲೆ ಒಂದು ಕಡೆ, ಸವೆದ ಮೆತ್ತೆ ಹಿಂದಕ್ಕೆ ಉಬ್ಬಿ, ಪಕ್ಕದಲ್ಲಿ ಮೂಳೆಯೂ ಮುಳ್ಳಿನಂತೆ ಬೆಳೆದು, ಎರಡೂ ಸೇರಿ ಅದನ್ನು ಅದುಮಿ ಹಿಡಿದಿದ್ದವು. ಬಾಗಿಲ ಸಂದಿಗೆ ಸಿಕ್ಕಿದ ಹಗ್ಗದಂತೆ ಕಾಣುತ್ತಿತ್ತು. ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ಸಂದಿಯಲ್ಲಿ ಸಿಕ್ಕಿಕೊಂಡಿದ್ದ.

“ಏನು ಮಾಡ್ತೀರಿ?” ಎಂದೆ.

ಅವರು ಹೇಳತೊಡಗಿದರು. ಸಭಿಕರೇ, ನನಗೆ ಮೊದಲ ಆಘಾತವಾದದ್ದೇ ಇಲ್ಲಿ. ಅವರು ಎಲ್ಲವನ್ನೂ ಹೇಳಿದರು. ಕುತ್ತಿಗೆಯ ಮುಂಭಾಗದಲ್ಲಿ, ಚರ್ಮದ ಮಡಿಕೆಯಲ್ಲೇ ಒಂದು ಸಣ್ಣ ಗೆರೆ ಕೊಯ್ಯುತ್ತಾರಂತೆ. ಗಾಳಿಕೊಳವೆಯನ್ನೂ ಅನ್ನನಾಳವನ್ನೂ ಒಂದು ಪಕ್ಕಕ್ಕೆ, ರಕ್ತನಾಳವನ್ನು ಇನ್ನೊಂದು ಪಕ್ಕಕ್ಕೆ ಪರದೆ ಸರಿಸಿದಂತೆ ಸರಿಸುತ್ತಾರಂತೆ. ಸರಿಸಿದರೆ ಎದುರಿಗೇ ಬೆನ್ನುಮೂಳೆಯ ಮುಂಭಾಗ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೆಟ್ಟ ಮೆತ್ತೆಯನ್ನು ಚೂರುಚೂರಾಗಿ ತೆಗೆದು, ಮೂಳೆಯ ಮುಳ್ಳನ್ನು ಉಜ್ಜಿ ತೆಳುಮಾಡಿ, ಹುರಿಯನ್ನು ಮುಟ್ಟದೆ ಅದರ ಮೇಲಿನ ಭಾರವನ್ನಷ್ಟೇ ಎತ್ತುತ್ತಾರಂತೆ. ಖಾಲಿಯಾದ ಜಾಗಕ್ಕೆ ಒಂದು ಪುಟ್ಟ ಆಸರೆ, ಅದರ ಮೇಲೆ ಲೋಹದ ಪಟ್ಟಿ, ನಾಲ್ಕು ತಿರುಪು.

“ಗುಟ್ಟೆಲ್ಲ ಬಿಟ್ಟುಕೊಟ್ರಲ್ಲ ತಾಯಿ” ಎಂದೆ. “ನಮ್ಮ ಸಂಘದಲ್ಲಾಗಿದ್ರೆ ನಿಮ್ಮನ್ನ ಹೊರಗೆ ಹಾಕಿಬಿಡ್ತಿದ್ರು.”

“ನಮ್ಮಲ್ಲಿ ಹೇಳದೇ ಮುಟ್ಟಿದ್ರೆ ಹೊರಗೆ ಹಾಕ್ತಾರೆ” ಎಂದರು.

ಆಮೇಲೆ ಕೆಡುಕಿನ ಪಾಲನ್ನೂ ಹೇಳಿದರು. ದನಿಯ ನರ ಆ ದಾರಿಯಲ್ಲೇ ಇದೆ. ಕೆಲವರಿಗೆ ಕೆಲವು ವಾರ ದನಿ ಒಡೆಯುತ್ತದೆ, ತೀರಾ ಅಪರೂಪಕ್ಕೆ ಹಾಗೇ ಉಳಿದುಬಿಡುತ್ತದೆ. ಅದಕ್ಕಿಂತ ಅಪರೂಪಕ್ಕೆ ಕೈಕಾಲು ಇನ್ನೂ ಕೆಡಬಹುದು. “ಮತ್ತೆ ಈಗಾಗಲೇ ಹೋಗಿರೋ ಸ್ಪರ್ಶ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ” ಎಂದರು. “ಬಂದರೆ ಸಂತೋಷ. ನಾನು ಮಾಡೋದು ಇರೋದು ಹೋಗದ ಹಾಗೆ ತಡೆಯೋದಕ್ಕೆ. ತಡ ಮಾಡಿದಷ್ಟೂ ಉಳಿಸೋದಕ್ಕೆ ಇರೋದು ಕಮ್ಮಿಯಾಗುತ್ತೆ.”

ಯೋಚಿಸಿ ನೋಡಿ. ಜಾದೂಗಾರನಿಗೆ ಇರುವ ಆಸ್ತಿ ಎರಡು. ಜನರನ್ನು ಬೇರೆಡೆ ನೋಡುವಂತೆ ಮಾಡುವ ಬಾಯಿ, ಅಷ್ಟರಲ್ಲಿ ಕೆಲಸ ಮುಗಿಸುವ ಕೈ. ಕೈ ಉಳಿಸಿಕೊಳ್ಳಲು ಬಾಯಿಯ ಪಕ್ಕದಲ್ಲೇ ಕತ್ತರಿಯಾಡಬೇಕು. ನಾನು ಗಂಟಲು ಸವರಿಕೊಂಡೆ. ಅದನ್ನು ನೋಡಿ ನನ್ನ ಹೆಂಡತಿ, “ಬಾಯಿ ಹೋದ್ರೆ ಹೋಗ್ಲಿ ಡಾಕ್ಟ್ರೇ, ಅದು ಬೇಕಾದಷ್ಟು ಕೆಲಸ ಮಾಡಿದೆ” ಎಂದಳು. ಡಾಕ್ಟರಮ್ಮನವರೂ ನಕ್ಕರು. ನಾನೂ ನಕ್ಕೆ.

ಹೊರಗೆ ಬಂದೆವು. ಉದ್ದನೆಯ ಓಣಿ, ಗೋಡೆಗೆ ಒತ್ತಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ನನ್ನನ್ನು ಒಂದರಲ್ಲಿ ಕೂರಿಸಿ ಆಕೆ ನಿಂತೇ ಇದ್ದಳು. ತಮಾಷೆಗೆಂದು, “ಬಾಯಿ ಹೋದ್ರೂ ನಿಂಗೆ ಪರವಾಗಿಲ್ಲ ಅನ್ನು” ಎಂದೆ.

“ಒಳಗೆ ಕತ್ತಲೆ ರೀ” ಎಂದಳು.

“ಎಲ್ಲಿ ಒಳಗೆ?”

“ಪೆಟ್ಟಿಗೆ ಒಳಗೆ. ಮುಚ್ಚಳ ಹಾಕಿದ ಮೇಲೆ ನಂಗೆ ಏನೂ ಕಾಣ್ಸಲ್ಲ. ನೀವು ಹೊರಗೆ ಜನಕ್ಕೆ ಏನೇನೋ ಬೊಗಳೆ ಬಿಡ್ತಾ ಇರ್ತೀರಲ್ಲ, ಅದನ್ನ ಕೇಳಿಸ್ಕೊಂಡೇ ನಾನು ಕೂತಿರೋದು.”

ಅಷ್ಟೇ ಹೇಳಿದ್ದು. ಆಮೇಲೆ ಔಷಧಿ ಅಂಗಡಿ ಎಲ್ಲಿದೆ ಎಂದು ಯಾರನ್ನೋ ಕೇಳಲು ಹೋದಳು. ಇಷ್ಟು ವರ್ಷ ಆ ಬೊಗಳೆಯನ್ನು ನಾನು ಸಭಿಕರಿಗೆಂದೇ ತಿಳಿದಿದ್ದೆ. ಇದನ್ನು ಇಲ್ಲಿ ಹೇಳುವ ಉದ್ದೇಶವಿರಲಿಲ್ಲ. ಆಕೆ ಮೂರನೆಯ ಸಾಲಿನಲ್ಲಿ ಕುಳಿತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾಳೆ. ಮುಂದಕ್ಕೆ ಹೋಗುತ್ತೇನೆ.

ಒಪ್ಪಿಗೆ ಪತ್ರಕ್ಕೆ ರುಜು ಹಾಕಿದೆ. ಅದೂ ನನ್ನ ರುಜುವಿನಂತೆ ಇರಲಿಲ್ಲ. ಶಸ್ತ್ರಕ್ರಿಯೆಯ ಕೋಣೆಯೆಂದರೆ ನಮ್ಮ ವೇದಿಕೆಯ ಹಾಗೆಯೇ ಇರುತ್ತದೆಂದುಕೊಂಡಿದ್ದೆ. ಮೇಲೆ ದೊಡ್ಡ ದೀಪ, ಸುತ್ತ ಮುಖ ಮುಚ್ಚಿಕೊಂಡ ಸಹಾಯಕರು, ನಡುವೆ ಅಡ್ಡ ಮಲಗಿದ ನತದೃಷ್ಟ. ಎಲ್ಲವೂ ಇತ್ತು. ನಾನೆಷ್ಟು ಜನರನ್ನು ಹೀಗೆ ಮಲಗಿಸಿಲ್ಲ? ಅವರ ಮುಖದಲ್ಲಿ ಕಾಣುತ್ತಿದ್ದ ಆ ಒಣನಗೆ ನನ್ನ ಮುಖದಲ್ಲೂ ಬಂತು. ಅರಿವಳಿಕೆಯ ವೈದ್ಯರು, “ಏನಾದ್ರೂ ಒಳ್ಳೇದು ಯೋಚಿಸ್ಕೊಳ್ಳಿ” ಎಂದರು. ಏನು ಯೋಚಿಸಲಿ ಎಂದು ಕೇಳಲು ಬಾಯಿ ತೆರೆದೆ. ಅಷ್ಟೇ. ನಾವು ಮಾಯ ಮಾಡುವಾಗ ಹೊಗೆ ಬೇಕು, ಡೋಲು ಬೇಕು. ಅವರಿಗೆ ಏನೂ ಬೇಕಾಗಲಿಲ್ಲ.

ಎಚ್ಚರವಾದಾಗ ಡಾಕ್ಟರಮ್ಮ ಎದುರಿಗೆ ನಿಂತು, “ಕಾಲು ಅಲ್ಲಾಡಿಸಿ” ಎಂದರು. ಅಲ್ಲಾಡಿತು. “ಮುಷ್ಟಿ ಮಾಡಿ” ಎಂದರು. ಆಯಿತು. “ಹೆಸರು ಹೇಳಿ” ಎಂದರು. ಹೇಳಿದೆ. ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದಂತೆ ಸದ್ದಾಯಿತು. ಆದರೂ ಆ ಬಾಗಿಲು ನನ್ನದೇ ಮನೆಯದು. ಪಕ್ಕದಲ್ಲಿದ್ದ ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತು ಬಹಳ ಹೊತ್ತು ಏನನ್ನೋ ನೋಡಿದಳು. ಆ ಕಿಟಕಿಯಾಚೆ ನೀರಿನ ಟ್ಯಾಂಕು ಬಿಟ್ಟರೆ ಏನೂ ಇರಲಿಲ್ಲ.

ದನಿ ಕೆಲವು ವಾರಗಳಲ್ಲಿ ಮರಳಿತು. ನಡಿಗೆ ಗಟ್ಟಿಯಾಯಿತು. ಬೆರಳು ಮಾತ್ರ ಹಾಗೇ ಇತ್ತು. ಎಲೆ ಹಿಡಿದರೆ ಹಿಡಿದಂತೆಯೇ ಇಲ್ಲ. ನಾನು ಕೇಳಲಿಲ್ಲ, ಅವರು ಮಾತು ಕೊಟ್ಟಿರಲಿಲ್ಲ. ಒಮ್ಮೆ ಪರೀಕ್ಷೆಗೆ ಹೋದಾಗ ಬೇರೊಂದನ್ನು ಕೇಳಿದೆ. “ಒಳಗೆ ನೋಡಿದಾಗ ಹೇಗಿತ್ತು?”

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. “ಒತ್ತಿ ಹಿಡಿದಿದ್ದಾಗ ಆ ಹುರಿ ಸುಮ್ಮನೆ ಬಿದ್ದಿರುತ್ತೆ” ಎಂದರು. “ಕೊನೇ ಚೂರು ತೆಗೆದ ತಕ್ಷಣ ಮೆಲ್ಲಗೆ ಮುಂದಕ್ಕೆ ಬರುತ್ತೆ. ಆಮೇಲೆ ಮಿಡಿಯೋಕೆ ಶುರುಮಾಡುತ್ತೆ, ಎದೆ ಮಿಡಿದ ಹಾಗೆ. ಎಷ್ಟು ಸಲ ನೋಡಿದೀನೋ. ಈಗಲೂ ಕೈ ನಿಲ್ಲಿಸಿ ಒಂದು ಕ್ಷಣ ನೋಡ್ತೀನಿ. ಯಾಕೆ ಅಂತ ಗೊತ್ತಿಲ್ಲ.”

ಸಮಿತಿಯ ಸದಸ್ಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನಮ್ಮಲ್ಲಿ ಗುಟ್ಟು ಗೊತ್ತಾದ ಕೂಡಲೇ ಬೆರಗು ಸಾಯುತ್ತದೆ. ಅದಕ್ಕೇ ಗುಟ್ಟನ್ನು ಹೆಣ ಕಾಯುವಂತೆ ಕಾಯುತ್ತೇವೆ. ಇವರು ಗುಟ್ಟನ್ನೆಲ್ಲ ಮೊದಲೇ ಹೇಳಿದರು, ಚಿತ್ರ ತೋರಿಸಿದರು, ಎಲ್ಲಿ ಕೈಕೊಡಬಹುದು ಎಂಬುದನ್ನೂ ಹೇಳಿದರು. ಎಲ್ಲ ಗೊತ್ತಿದ್ದೂ ನನಗೆ ಬೆರಗಾಯಿತು. ಅದನ್ನು ದಿನಾ ಮಾಡುವವರಿಗೂ ಬೆರಗಾಗುತ್ತದೆ. ಇವರಿಗಿಲ್ಲದ ಸದಸ್ಯತ್ವ ಇನ್ಯಾರಿಗೆ?

ಆದರೆ ನಿಯಮ ನಿಯಮವೇ. ಹೊಸ ಸದಸ್ಯರು ಈ ವೇದಿಕೆಯ ಮೇಲೆ ಒಂದು ಜಾದೂ ಮಾಡಲೇಬೇಕು, ಗೌರವ ಸದಸ್ಯರಿಗೂ ವಿನಾಯಿತಿ ಇಲ್ಲ. ಹಾಗಾಗಿ ಡಾಕ್ಟರಮ್ಮ ಕಳೆದ ಕೆಲವು ಭಾನುವಾರ ನಮ್ಮ ಮನೆಗೆ ಬಂದು ಅಂಗೈಯಲ್ಲಿ ನಾಣ್ಯ ಮಾಯ ಮಾಡುವುದನ್ನು ಕಲಿತರು. ಸತ್ಯ ಹೇಳಬೇಕೆಂದರೆ ಕಲಿಯಲಿಲ್ಲ. ಬೆರಳುಗಳು ಬಂಗಾರ. ಕಣ್ಣುಗಳದ್ದೇ ತೊಂದರೆ. ನಾಣ್ಯ ಬಲಗೈಯಲ್ಲಿ ಅಡಗಿದ್ದರೆ ಜಾದೂಗಾರ ಎಡಗೈಯನ್ನು ನೋಡಬೇಕು. ಅವರು ಬಲಗೈಯನ್ನೇ ನೋಡುತ್ತಾರೆ. ಕೈ ಎಲ್ಲಿ ಕೆಲಸ ಮಾಡುತ್ತಿದೆಯೋ ಅಲ್ಲಿಂದ ಕಣ್ಣು ತೆಗೆಯದಿರುವುದು ಅವರ ಕಸುಬು. ಆ ಕಣ್ಣು ಅತ್ತಿತ್ತ ಹೋಗಿದ್ದರೆ ನಾನಿಲ್ಲಿ ನಿಂತಿರುತ್ತಿರಲಿಲ್ಲ. ಅದನ್ನು ತಿದ್ದಲು ನನಗೂ ಮನಸ್ಸು ಬರಲಿಲ್ಲ.

ಕಳೆದ ಭಾನುವಾರ ನಾಣ್ಯ ಅವರ ಅಂಗೈಯಲ್ಲಿ ತೀರಾ ಮೇಲಕ್ಕೆ ಕುಳಿತಿತ್ತು. “ಹಾಗಲ್ಲ, ಕೆಳಕ್ಕೆ” ಎಂದು ನಾನು ಬೆರಳ ತುದಿಯಿಂದ ಅದನ್ನು ತಳ್ಳಿದೆ. ತಳ್ಳಿದ ಬೆರಳನ್ನು ಅಲ್ಲೇ ಇಟ್ಟೆ.

“ಏನಾಯ್ತು?” ಎಂದರು.

“ಅಂಚು” ಎಂದೆ. “ಇದರ ಅಂಚಿಗೆ ಗೀರು ಗೀರು ಇದೆ.”

ಅಲ್ಲಿಯವರೆಗೆ ಶಿಷ್ಯೆಯಾಗಿದ್ದವರು ಆ ಕ್ಷಣವೇ ಮತ್ತೆ ಡಾಕ್ಟರಾದರು. “ಕಣ್ಣು ಮುಚ್ಚಿ” ಎಂದರು. ಮುಚ್ಚಿದೆ. ಬೆರಳಿಗೆ ಏನೋ ತಾಗಿಸಿದರು. “ಈಗ?” “ನುಣುಪು. ನಾಣ್ಯದ ಮುಖ.” “ಈಗ?” “ಅಂಚು.” “ಈಗ?” ಅದು ತಣ್ಣಗಿರಲಿಲ್ಲ, ಲೋಹವಲ್ಲ. ಬೆಚ್ಚಗಿತ್ತು, ಸೂಜಿ ಚುಚ್ಚಿಸಿಕೊಂಡು ಒರಟಾದ ತುದಿ. ಕಣ್ಣು ತೆರೆಯದೆಯೇ ಹೇಳಿದೆ, ಇದು ನನ್ನ ಹೆಂಡತಿಯ ಬೆರಳು ಎಂದು. ಅಡುಗೆಮನೆಯಿಂದ ಅವಳು ಯಾವಾಗ ಬಂದು ನಿಂತಿದ್ದಳೋ.

ಕಿರುಬೆರಳು, ಅದರ ಪಕ್ಕದ್ದು ಇನ್ನೂ ಮರಗಟ್ಟಿಯೇ ಇವೆ. ಉಳಿದ ಮೂರು ಮರಳಿವೆ. “ಇನ್ನೆಷ್ಟು ಬರುತ್ತೆ?” ಎಂದು ನನ್ನ ಹೆಂಡತಿಯೇ ಕೇಳಿದಳು. “ಗೊತ್ತಿಲ್ಲ” ಎಂದರು ಡಾಕ್ಟರಮ್ಮ, ನಾಣ್ಯವನ್ನು ಇನ್ನೂ ಹಿಡಿದುಕೊಂಡು. ಅವರಿಗೆ ಸುಳ್ಳು ಹೇಳಲು ನಾನು ಎಷ್ಟು ಕಲಿಸಿದರೂ ಬರುವುದಿಲ್ಲ.

ಸಭಿಕರೇ, ಈಗ ತಾನೆ ಅವರು ವೇದಿಕೆಯಿಂದ ಎದ್ದು ಪರದೆಯ ಹಿಂದಕ್ಕೆ ಹೋದದ್ದನ್ನು ನೋಡಿದಿರಿ. ಹೋಗುವಾಗ ನನ್ನ ಕೈ ಹಿಡಿದು, “ನಂಗೆ ಕೈ ನಡುಗ್ತಿದೆ” ಎಂದು ಕಿವಿಯಲ್ಲಿ ಹೇಳಿದರು. ನಿಜ, ನಡುಗುತ್ತಿತ್ತು. ನನಗೆ ಗೊತ್ತಾಯಿತು.

ಇಲ್ಲಿರುವವರಲ್ಲಿ ಮುಕ್ಕಾಲುಪಾಲು ಕಸುಬುದಾರರು. ನಾಣ್ಯ ಎಲ್ಲಿದೆಯೆಂದು ಡಾಕ್ಟರಮ್ಮ ವೇದಿಕೆಗೆ ಬರುವ ಮೊದಲೇ ನಿಮಗೆ ತಿಳಿಯುತ್ತದೆ. ನನ್ನದೊಂದೇ ವಿನಂತಿ. ಇವತ್ತೊಂದು ದಿನ ನಾಣ್ಯವನ್ನು ಹುಡುಕಬೇಡಿ. ಅವರು ಎಡಗೈ ಚಾಚಿದರೆ ಎಡಗೈಯನ್ನೇ ನೋಡಿ. ಬರಿದಾದ ಆ ಅಂಗೈಯನ್ನು ಕಣ್ತುಂಬ ನೋಡಿ. ನನ್ನ ಕುತ್ತಿಗೆಯೊಳಗೆ ಹೋಗಿ ಬಂದ ಕೈ ಅದು.

ತಾಳ್ಮೆಯಿಂದ ಕೇಳಿದ ನಿಮಗೂ, ಗಡಿಯಾರ ನೋಡದೆ ಬಿಟ್ಟ ಅಧ್ಯಕ್ಷರಿಗೂ, ಮೂರನೆಯ ಸಾಲಿನಲ್ಲಿ ಕುಳಿತವಳಿಗೂ ನನ್ನ ಕೃತಜ್ಞತೆಗಳು. ಪರದೆ ಸರಿಯುತ್ತಿದೆ. ನಮಸ್ಕಾರ.